ಹಲಗೆಯ ಹಿಂದಿನ ಬಣ್ಣ

ಅಕ್ಕೋರ ಎಡಗೈಯಲ್ಲಿ ಬಳೆ ಇರುತ್ತಿರಲಿಲ್ಲ. ಬಳೆ ಇರಬೇಕಾದಲ್ಲಿ, ಮಣಿಕಟ್ಟಿನಿಂದ ಮೊಳಕೈಯವರೆಗೂ, ಬೆರಳಗಲದ ಬಣ್ಣದ ಪಟ್ಟಿಗಳಿರುತ್ತಿದ್ದವು. ಒಂದು ದಿನ ಕೇಸರಿ, ಅದರ ಮಗ್ಗುಲಲ್ಲಿ ಅದಕ್ಕಿಂತ ಎಳ್ಳಷ್ಟು ತಿಳಿಯಾದ ಇನ್ನೊಂದು ಕೇಸರಿ. ಮತ್ತೊಂದು ದಿನ ಬರೀ ಬೂದು, ಐದಾರು ನಮೂನೆಯ ಬೂದು. ಮೊದಲ ಸಲ ನೋಡಿದಾಗ ಗಾಯಕ್ಕೆ ಏನೋ ಔಷಧಿ ಹಚ್ಚಿಕೊಂಡಿದ್ದಾರೆ ಅಂದುಕೊಂಡಿದ್ದೆ. ಪರಿಚಯ ಬೆಳೆದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ.

"ಕಾಗದದ ಮ್ಯಾಲ ಹಚ್ಚಿದ್ರ ಮರತ ಬಿಡ್ತೇನ್ರಿ," ಅಂದರು. "ಕೈಮ್ಯಾಲ ಇದ್ರ ದಿನಾಪೂರ್ತಿ ಕಣ್ಣಿಗೆ ಬೀಳತೈತಿ. ಸಾಲ್ಯಾಗ, ಬಸ್ಸಿನ್ಯಾಗ, ಭಾಂಡೆ ತಿಕ್ಕುವಾಗ ನೋಡ್ಕೋತ ಇರತೇನಿ. ಸಂಜಿತನಕಾ ಬ್ಯಾಸರಾಗಲಿಲ್ಲ ಅಂದ್ರ ಅದು ಛಲೋ ಬಣ್ಣ."

ನಾನು ಬಡಿಗ. ಬನಹಟ್ಟಿಯಿಂದ ಚಿಮ್ಮಡದ ಕಡೆಗೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡೊಂದರಲ್ಲಿ ನನ್ನ ಅಂಗಡಿ. ಪವರ್‌ಲೂಮುಗಳ ಮರದ ಭಾಗಗಳನ್ನು ದುರಸ್ತಿ ಮಾಡುವುದು, ಬಾಗಿಲು ಕಿಟಕಿ ಮಾಡುವುದು ನನ್ನ ಕಸುಬು. ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಶಾಲೆಯ ಹುಡುಗಿಯರು ಕರೆದಂತೆ ನಾನೂ ಅವರನ್ನು ಅಕ್ಕೋರು ಎಂದೇ ಕರೆದೆ. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು.

ಮೊದಲು ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಚೀಲದಿಂದ ಒಂದು ನ್ಯೂಸ್‌ಪೇಪರ್ ತೆಗೆದು ನನ್ನ ಮುಂದೆ ಹರಡಿದರು. ಅದನ್ನು ಕತ್ತರಿಯಿಂದ ಯಾವುದೋ ಆಕಾರಕ್ಕೆ ಕತ್ತರಿಸಿದ್ದರು. ನಾಲ್ಕು ಮೂಲೆ ಇದ್ದವು, ಆದರೆ ಯಾವ ಎರಡು ಬದಿಯೂ ಸಮ ಇರಲಿಲ್ಲ. ಒಂದು ಬದಿ ತುಸು ಬಾಗಿತ್ತು.

"ಇದರ ಅಳತಿಗೆ ಒಂದ ಹಲಗಿ ಕತ್ತರಿಸಿ ಕೊಡ್ತೀರೇನ್ರಿ?"

ಟೀಚರು ಹೆಣ್ಣುಮಗಳು, ಅವಸರದಲ್ಲಿ ಕತ್ತರಿಸಿರಬೇಕು ಅಂದುಕೊಂಡೆ. ಅವರಿಗೆ ಉಪಕಾರವಾಗಲಿ ಎಂದು ಮೂಲೆಮಟ್ಟ ಹಿಡಿದು ನಾಲ್ಕೂ ಬದಿ ನೆಟ್ಟಗೆ ಮಾಡಿ, ಅಂಚಿಗೆ ಉಜ್ಜುಕಾಗದ ಹಾಕಿ ಕೊಟ್ಟೆ. ಅವರು ಹಲಗೆಯ ಮೇಲೆ ಬೆರಳಾಡಿಸಿದರು. ಸಿಟ್ಟಾಗಲಿಲ್ಲ.

"ನೀವು ಇದನ್ನ ಸುಧಾರಿಸೀರಿ," ಅಂದರು.

"ಹೌದ್ರಿ ಅಕ್ಕೋರ. ವಾರಿ ಆಗಿತ್ತು, ಸರಿ ಮಾಡೇನಿ."

"ನನಗ ಆ ವಾರಿನ ಬೇಕಾಗಿತ್ರಿ."

ಇನ್ನೊಂದು ಹಲಗೆ ಕತ್ತರಿಸಿದೆ. ಕಸುಬಿಗೆ ಬಂದ ಮೇಲೆ ಬೇಕೆಂದೇ ವಾರೆಯಾಗಿ ಗರಗಸ ಓಡಿಸಿದ್ದು ಅದೇ ಮೊದಲು. ನೆಟ್ಟಗೆ ಕತ್ತರಿಸುವುದಕ್ಕಿಂತ ಅದು ಕಷ್ಟ. ಕೈ ತಾನಾಗಿಯೇ ಸರಿದಾರಿಗೆ ಎಳೆಯುತ್ತಿತ್ತು.

ಎಂಟು ದಿನದ ಮೇಲೆ ಅದನ್ನು ಗೋಡೆಗೆ ಹೊಡೆದುಕೊಡಲು ಕರೆದರು. ನೇಕಾರರ ಓಣಿಯಲ್ಲಿ, ಕೆಳಗೆ ಮಗ್ಗ ಓಡುವ ಮನೆಯೊಂದರ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ಗೋಡೆಗೆಲ್ಲ ಸುಣ್ಣ. ಕ್ಯಾಲೆಂಡರಿಲ್ಲ, ದೇವರ ಫೋಟೋ ಇಲ್ಲ, ಯಾರ ಫೋಟೋವೂ ಇಲ್ಲ. ಮೂಲೆಯಲ್ಲಿ ನಾಲ್ಕೈದು ಕ್ಯಾನ್ವಾಸು ಒಂದಕ್ಕೊಂದು ಆತು ನಿಂತಿದ್ದವು. ಅವುಗಳಲ್ಲಿ ಮನುಷ್ಯರಿರಲಿಲ್ಲ, ಗಿಡಮರ ಇರಲಿಲ್ಲ. ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣ, ಅಷ್ಟೇ. ಹಲಗೆಯ ಮುಂಭಾಗಕ್ಕೆ ಬಿಳಿ ಬಳಿದು, ಹಿಂಭಾಗಕ್ಕೆ ಕಡು ಕಿತ್ತಳೆ ಹಚ್ಚಿದ್ದರು.

"ಅಕ್ಕೋರ, ಉಲ್ಟಾ ಆಗೈತ್ರಿ. ಬಣ್ಣಾ ಹಿಂದ ಹಚ್ಚೀರಿ."

ಅವರು ಹಲಗೆಯನ್ನು ಎತ್ತಿ, ಕಿಟಕಿಯ ಪಕ್ಕದ ಗೋಡೆಯಿಂದ ಎರಡು ಬೆರಳು ದೂರದಲ್ಲಿ ಹಿಡಿದರು. ಹಲಗೆ ಬೆಳ್ಳಗೇ ಇತ್ತು. ಕಿಟಕಿಯ ಬೆಳಕು ಅದರ ಬೆನ್ನಿಗೆ ತಾಗಿ, ಸುತ್ತಲಿನ ಬರೀ ಸುಣ್ಣದ ಗೋಡೆಯ ಮೇಲೆ ಕಿತ್ತಳೆ ಬಣ್ಣ ಹಬ್ಬಿತು. ಬಣ್ಣ ಬಳಿದಂತೆ ಅಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಒಲೆ ಹೊತ್ತಿಸಿದಾಗ ಬಾಗಿಲ ಸಂದಿಯಲ್ಲಿ ಕಾಣುತ್ತದಲ್ಲ, ಹಾಗೆ. ಅವರು ಹಲಗೆಯನ್ನು ಹಿಂದೆ ಮುಂದೆ ಸರಿಸಿದಂತೆ ಅದು ಹೆಚ್ಚುತ್ತಿತ್ತು, ಕಡಿಮೆಯಾಗುತ್ತಿತ್ತು.

ಇಪ್ಪತ್ತು ವರ್ಷ ಕಟ್ಟಿಗೆ ಕೊಯ್ದವನು ನಾನು. ಹಲಗೆಗೆ ಒಂದು ಬೆನ್ನು ಇದೆ, ಆ ಬೆನ್ನಿಗೂ ಏನೋ ಕೆಲಸವಿದೆ ಎಂದು ಅವತ್ತಿನವರೆಗೂ ಯೋಚಿಸಿರಲಿಲ್ಲ.

ಹೊಡೆಯಲು ಹೋದರೆ ಬೇರೆ ತಾಪತ್ರಯ. ಕೆಳಗೆ ಮಗ್ಗ ಓಡುವಾಗ ಇಡೀ ಗೋಡೆ ನಡುಗುತ್ತಿತ್ತು. ಹಲಗೆ ಅದುರಿ, ಬಿದ್ದ ಬಣ್ಣವೂ ಅದುರುತ್ತಿತ್ತು. ನಾನು ಸೈಕಲ್ ಟ್ಯೂಬು ಕತ್ತರಿಸಿ ಬಿಲ್ಲೆ ಮಾಡಿ ಸ್ಕ್ರೂವಿನ ಹಿಂದೆ ಕೂರಿಸಿದೆ. ಅದುರುವುದು ನಿಂತಿತು. ಅಕ್ಕೋರು ಆ ರಬ್ಬರಿನ ಬಿಲ್ಲೆಯನ್ನು ಎಷ್ಟು ಹೊತ್ತು ನೋಡಿದರೆಂದರೆ ನನಗೇ ನಾಚಿಕೆಯಾಯಿತು. ಅಲ್ಲಿಂದ ಮುಂದೆ ಹನ್ನೊಂದು ವರ್ಷ ಅವರ ಹಲಗೆಗಳನ್ನೆಲ್ಲ ಕತ್ತರಿಸಿದವನು ನಾನೇ.

ಅವರ ಕಥೆ ನನಗೆ ಗೊತ್ತಾದದ್ದು ತುಣುಕು ತುಣುಕಾಗಿ. ಹುಟ್ಟಿದ್ದು ಜಮಖಂಡಿಯಲ್ಲಿ. ಮುಂಬೈಯಲ್ಲಿ ಚಿತ್ರಕಲೆ ಓದಿ, ಅಲ್ಲೇ ಮೂವರು ಗೆಳತಿಯರ ಜೊತೆ ಕೋಣೆ ಮಾಡಿಕೊಂಡು ಕೆಲಸ ಮಾಡುತ್ತಿದ್ದಾಗ ತಾಯಿ ಹಾಸಿಗೆ ಹಿಡಿದರು. "ಒಂದ ವರ್ಷಕ್ಕಂತ ಬಂದಿದ್ದೆ" ಅಂದಿದ್ದರು ಒಮ್ಮೆ. ತಾಯಿ ಹನ್ನೆರಡು ವರ್ಷ ಬದುಕಿದರು. ಆ ಹೊತ್ತಿಗೆ ಬನಹಟ್ಟಿಯಲ್ಲಿ ನೌಕರಿ ಆಗಿತ್ತು, ಮುಂಬೈಯಿಂದ ಬರುತ್ತಿದ್ದ ಕಾಗದಗಳು ನಿಂತಿದ್ದವು.

ಶಾಲೆಯಲ್ಲಿ ಹೂವು, ಗಿಣಿ, ಸ್ವಾತಂತ್ರ್ಯ ದಿನಾಚರಣೆಯ ರಂಗೋಲಿ ಕಲಿಸುತ್ತಿದ್ದರು. ಅದನ್ನೂ ಮನಸ್ಸಿಟ್ಟು ಮಾಡುತ್ತಿದ್ದರು ಎಂದು ಅವರಲ್ಲಿ ಕಲಿತ ಹುಡುಗಿಯರು ಹೇಳುತ್ತಾರೆ. ಜೊತೆಯ ಮಾಸ್ತರರು ಮಾತ್ರ "ಅಕ್ಕೋರು ಗ್ವಾಡಿಗೆ ಹಲಗಿ ಹೊಡಕೊಂಡು ಕುಂದ್ರತಾರ" ಎಂದು ನಗುತ್ತಿದ್ದರಂತೆ. ಮನೆಗೆ ಬಂದವರು ಗೋಡೆ ನೋಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದು ಏನ್ರಿ? ಅದಕ್ಕೆ ಅವರು "ಚಾ ಕುಡೀರಿ" ಅನ್ನುತ್ತಿದ್ದರು. ಬರಬರುತ್ತ ಮನೆಗೆ ಬರುವವರೂ ಕಡಿಮೆಯಾದರು.

ಭಾನುವಾರ ಒಮ್ಮೊಮ್ಮೆ ಬಸ್ಸು ಹತ್ತಿ ಗಲಗಲಿಗೆ ಹೋಗುತ್ತಿದ್ದರು. ನನ್ನ ಹೆಂಡತಿ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ದೇವರಿಗೆ ಹೋಗಿದ್ರೇನ್ರಿ ಅಕ್ಕೋರ?" ಎಂದು ಕೇಳಿದಳಂತೆ.

"ಇಲ್ಲವ್ವಾ. ಹೊಳಿ ನೋಡಾಕ ಹೋಗಿದ್ದೆ."

"ಒಬ್ಬರ?"

"ಹೂಂ. ನೀರಿನ ಮ್ಯಾಲಿನ ಬೆಳಕು ಸೇತುವಿ ಬುಡಕ್ಕ ಹೊಡದು ಅಲ್ಲಾಡತಿರತೈತಿ. ಅದನ್ನ ನೋಡಿ ಬಂದೆ."

ನನ್ನ ಹೆಂಡತಿ ಮನೆಗೆ ಬಂದು, "ಅಷ್ಟ ನೋಡಾಕ ಅಷ್ಟ ದೂರ ಒಬ್ಬಾಕಿ ಹೋಗಿ ಬರತಾರಲ್ಲ, ಮಾತಾಡಾಕ ಯಾರೂ ಇಲ್ಲ ಅವರಿಗೆ" ಎಂದು ಮರುಗಿದಳು. ಅವತ್ತಿನಿಂದ ಹೋಳಿಗೆ ಮಾಡಿದ ದಿನ ಅವರಿಗೊಂದು ಡಬ್ಬಿ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ಐದು ಹಲಗೆಗಳ ಒಂದು ಗುಂಪನ್ನು ಗೋಡೆಗೆ ಕೂರಿಸಿ ಮುಗಿಸಿದ್ದೆ. ಅವರು ದೂರ ನಿಂತು ನೋಡುತ್ತಿದ್ದರು. ನಾನು ಹತ್ಯಾರಗಳನ್ನು ಚೀಲಕ್ಕೆ ತುಂಬುತ್ತ, ಯೋಚನೆ ಮಾಡದೆ ಒಂದು ಮಾತು ಅಂದೆ.

"ಎಡಕ್ಕ ತುಸು ಭಾರ ಆಗೈತ್ರಿ ಅಕ್ಕೋರ."

ತಪ್ಪು ಮಾತಾಡಿದೆ ಅನಿಸಿತು. "ನಮಗೇನ ತಿಳೀತೈತ್ರಿ, ಸುಮ್ಮ ಅಂದೆ" ಎಂದು ಸಾವರಿಸಲು ನೋಡಿದೆ. ಅವರು ಒಳಗೆ ಹೋದರು. ಸ್ಟೋವಿನ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಎರಡು ಕಪ್ ಚಹಾ ಹಿಡಿದು ಬಂದಾಗ ಅವರ ಕಣ್ಣು ಕೆಂಪಾಗಿದ್ದವು.

"ಖರೆ ಐತಿ," ಅಂದರು. "ಎಡಕ್ಕ ಭಾರ ಆಗೈತಿ. ಎಂಟು ದಿನದಿಂದ ನೆಲದ ಮ್ಯಾಲ ಜೋಡಿಸಿಟ್ಟು ಏನ ತಪ್ಪೇತಿ ಅಂತ ನೋಡಾಕತ್ತೇನಿ." ಆಮೇಲೆ ಚಹಾದ ಕಪ್ಪನ್ನು ನೋಡುತ್ತ, "ಇದು ಏನು ಅಂತ ಎಲ್ಲಾರೂ ಕೇಳತಾರ್ರಿ. ಹೆಂಗಾಗೈತಿ ಅಂತ ಯಾರೂ ಹೇಳೂದಿಲ್ಲ. ಮುಂಬೈ ಬಿಟ್ಟಮ್ಯಾಲ ನೀವ ಮೊದಲ ಹೇಳಿದ್ದು."

ಮುಂಬೈ ಬಿಟ್ಟು ಅವರಿಗೆ ಆಗ ಇಪ್ಪತ್ತೈದು ವರ್ಷ ದಾಟಿತ್ತು.

ಲಾಕ್‌ಡೌನ್ ಬಂತು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಮಗ್ಗದ ಸದ್ದು ಇಡೀ ಊರಿನಲ್ಲಿ ಒಮ್ಮೆಲೇ ನಿಂತಿತು. ನನಗೆ ಕೆಲಸವಿರಲಿಲ್ಲ, ಅವರಿಗೆ ಶಾಲೆಯಿರಲಿಲ್ಲ. ಸ್ವಲ್ಪ ಸಡಿಲವಾದ ಮೇಲೆ ಒಂದು ಮುಂಜಾನೆ ಮುಖಕ್ಕೆ ಸೀರೆಯ ಸೆರಗು ಕಟ್ಟಿಕೊಂಡು ಅಂಗಡಿಗೆ ಬಂದರು.

"ಬಡಿಗೇರ, ದೊಡ್ಡ ಕೆಲಸ ಬಂದೈತಿ."

ನೂಲಿನ ವ್ಯಾಪಾರ ಮಾಡುವ ಒಬ್ಬ ಸಾವಕಾರರು ಮುಧೋಳದ ರಸ್ತೆಯಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ಅವರ ಮಗಳು ಅಕ್ಕೋರ ಹತ್ತಿರ ಕಲಿತವಳು. ಆ ಅಭಿಮಾನದಲ್ಲಿ ಸಾವಕಾರರು ವೇದಿಕೆಯ ಹಿಂದಿನ ಇಡೀ ಗೋಡೆಯನ್ನು ಇವರಿಗೆ ಬಿಟ್ಟುಕೊಟ್ಟು, "ಏನರ ಒಂದು ಛಲೋದು ಮಾಡ್ರಿ ಅಕ್ಕೋರ" ಅಂದಿದ್ದರು. ಛಲೋದು ಅಂದರೆ ನವಿಲೋ ಗಣಪತಿಯೋ ಎಂದು ಅವರ ಲೆಕ್ಕ. ಅದನ್ನು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ಒಂಬತ್ತು ತಿಂಗಳು ದುಡಿದೆವು. ಹದಿನೇಳು ಹಲಗೆಗಳು. ಕೆಲವು ಆಳೆತ್ತರ. ಯಾವುದು ಗೋಡೆಯಿಂದ ಎಷ್ಟು ದೂರ ನಿಲ್ಲಬೇಕು ಎಂದು ಖಾಲಿ ಮಂಟಪದಲ್ಲಿ ದಿನಗಟ್ಟಲೆ ಕುಳಿತು, ಕಿಟಕಿಗಳಿಂದ ಬಿಸಿಲು ಸರಿಯುವುದನ್ನು ನೋಡಿ ಗುರುತು ಹಾಕಿಕೊಂಡಿದ್ದರು. ನನ್ನನ್ನೂ ಕೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಜಗಳವೂ ಆಗುತ್ತಿತ್ತು. ಒಂದು ಹಲಗೆಯನ್ನು ನನ್ನ ಹಟಕ್ಕೆ ಒಂದು ಗೇಣು ಮೇಲಕ್ಕೆ ಏರಿಸಿ, ಮರುದಿನ ಅವರ ಹಟಕ್ಕೆ ಕೆಳಗಿಳಿಸಿದೆ. ಅವರದೇ ಸರಿಯಿತ್ತು.

ಕೊನೆಯ ಹಲಗೆ ಕೂರಿಸಿದ ದಿನ ಇಬ್ಬರೂ ನೆಲದ ಮೇಲೆ ಕುಳಿತೆವು. ಬೆಳಿಗ್ಗೆಯೆಲ್ಲ ಬಿಳಿ ಗೋಡೆ, ಬಿಳಿ ಹಲಗೆ. ಸಂಜೆ ನಾಲ್ಕರ ಹೊತ್ತಿಗೆ ಬಿಸಿಲು ಪಶ್ಚಿಮದ ಕಿಟಕಿಗಳಿಗೆ ಬಂದಾಗ ಒಂದೊಂದರ ಅಂಚಿನಿಂದಲೂ ಬಣ್ಣ ಗೋಡೆಗೆ ಇಳಿಯತೊಡಗಿತು. ಹಳದಿ ಹೋಗಿ ಹಸಿರನ್ನು ಮುಟ್ಟಿತು. ಎಲ್ಲೂ ಹಚ್ಚದ ಒಂದು ನೇರಳೆ ಎರಡು ಹಲಗೆಗಳ ನಡುವೆ ಹುಟ್ಟಿತು. ನೆರಳಿಗೂ ಬಣ್ಣ ಬಂದಿತ್ತು.

"ಮುಂಬೈದಾಗ ಇದ್ದಿದ್ರ ಇಷ್ಟ ದೊಡ್ಡದು ಮಾಡತಿರಲಿಲ್ಲ ನಾ," ಅಂದರು. "ಅಲ್ಲಿ ಇಷ್ಟ ದೊಡ್ಡ ಗ್ವಾಡಿ ಯಾರ ಕೊಡತಿದ್ರು?" ಹೇಳಿ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಂಟಪದ ಉದ್ಘಾಟನೆಯ ದಿನ ಬಂದವರೆಲ್ಲ ಕೆಲಸ ಇನ್ನೂ ಬಾಕಿ ಇದೆ ಅಂದುಕೊಂಡರು. ಮೊದಲ ಮದುವೆಯವರು ಬಂದು ನೋಡಿ, ವಧೂವರರ ಹಿಂದೆ ಬೋಳು ಹಲಗೆ ಯಾಕೆ, ಹೂವಿನ ಪರದೆ ಎಲ್ಲಿ ಕಟ್ಟುವುದು ಎಂದು ತಕರಾರು ತೆಗೆದರು. ಸಾವಕಾರರು ನನಗೆ ಹೇಳಿಕಳಿಸಿದರು.

"ನೋಡಪಾ, ಅಕ್ಕೋರ ಮ್ಯಾಲ ನನಗ ಗೌರವ ಐತಿ. ಆದ್ರ ಮಂದಿ ಒಪ್ಪವಲ್ಲರು. ನೀನ ಹಚ್ಚಿದಾಂವ, ನೀನ ಬಿಚ್ಚು. ಇಲ್ಲಂದ್ರ ಹಮಾಲರಿಗೆ ಹೇಳತೇನಿ, ಅವರು ಸುತಗಿ ತಗೊಂಡು ಒಡದ ಒಗೀತಾರ."

"ಅಕ್ಕೋರಿಗೆ ಹೇಳೀರೇನ್ರಿ?"

"ನೀನ ಹೇಳು."

ನಾನು ಹೇಳಲಿಲ್ಲ. ಹೋಗಿ ಹೇಳುವ ಧೈರ್ಯ ಬರಲಿಲ್ಲ. ಒಲ್ಲೆ ಎಂದು ಸಾವಕಾರರಿಗೆ ಹೇಳುವ ಧೈರ್ಯವೂ ಬರಲಿಲ್ಲ. ಸುತ್ತಿಗೆಯಿಂದ ಒಡೆಯುವುದಕ್ಕಿಂತ ನಾನೇ ಜೋಪಾನವಾಗಿ ಬಿಚ್ಚುವುದು ಮೇಲು ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಮಧ್ಯಾಹ್ನ ಏಣಿ ಹಾಕಿ ಬಿಚ್ಚತೊಡಗಿದೆ. ಹದಿನಾಲ್ಕು ಹಲಗೆ ಇಳಿಸಿದ್ದೆ. ಬಾಗಿಲಲ್ಲಿ ನೆರಳು ಕಂಡಿತು. ಅಕ್ಕೋರು ನಿಂತಿದ್ದರು. ಯಾರು ಹೇಳಿದರೋ, ಆಟೋ ಹಿಡಿದು ಬಂದಿದ್ದರು.

ನಾನು ಏಣಿಯ ಮೇಲೆ ಸ್ಕ್ರೂಡ್ರೈವರ್ ಹಿಡಿದು ಹಾಗೇ ಉಳಿದೆ. ಅವರು ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಅವರು ಪೇರಿಸಿಟ್ಟ ಪ್ಲಾಸ್ಟಿಕ್ ಖುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕುಳಿತರು.

"ಸ್ಕ್ರೂ ಎಲ್ಲಾ ಜ್ವಾಕಿ ಇಟ್ಟೀರೇನ್ರಿ?"

"ಇಟ್ಟೇನ್ರಿ."

ಮುಂದಿನ ಸ್ಕ್ರೂವಿಗೆ ಕೈ ಹಾಕಿದೆ. "ತಡೀರಿ," ಅಂದರು. "ಇನ್ನ ಹತ್ತ ನಿಮಿಷಕ್ಕ ಬಿಸಲು ಈ ಕಿಡಕಿಗೆ ಬರತೈತಿ. ನೋಡಿ ತಗೀರಂತ."

ಇಳಿದು ಏಣಿಯ ಬುಡದಲ್ಲಿ ಕುಳಿತೆ. ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಬಿಸಿಲು ಬಂತು. ತೂತುಗಳೇ ತುಂಬಿದ ಆ ಗೋಡೆಯ ಮೇಲೆ, ಉಳಿದ ಮೂರು ಹಲಗೆಗಳ ಹಿಂದಿನಿಂದ ಬಣ್ಣ ಇಳಿಯಿತು. ಸುತ್ತ ಬೇರೇನೂ ಇಲ್ಲದ್ದಕ್ಕೋ ಏನೋ, ಅದು ಎಂದಿಗಿಂತ ದೂರ ಹರಿಯಿತು. ಬಿಸಿಲು ಸರಿದು ಗೋಡೆ ಮತ್ತೆ ಬರೀ ಗೋಡೆಯಾಯಿತು.

"ಆತು," ಅಂದರು ಅಕ್ಕೋರು. "ತಗೀರಿ ಇನ್ನ."

ಹದಿನೇಳನ್ನೂ ಅವರ ಮನೆಗೆ ಮುಟ್ಟಿಸಿದೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿಕೊಂಡರು. ಆಮೇಲೆ ಅವರು ಅಂಗಡಿಗೆ ಬರುವುದು ನಿಂತಿತು. ತಿಂಗಳುಗಟ್ಟಲೆ ಕಾದು ಒಂದು ದಿನ ನಾನೇ ಹೋದೆ. ಚಹಾ ಕೊಟ್ಟರು, ಮಳೆಯ ಮಾತಾಡಿದರು. ಹೊಸ ಕಾಗದದ ಆಕಾರಗಳು ಎಲ್ಲೂ ಕಾಣಲಿಲ್ಲ. ಏನಾದರೂ ಕೊಯ್ಯುವುದಿದೆಯಾ ಎಂದು ಕೇಳಿದೆ. "ಸದ್ಯೇಕ್ಕ ಏನೂ ಇಲ್ರಿ" ಅಂದರು. ಅಷ್ಟರಲ್ಲಿ ನೌಕರಿಯಿಂದಲೂ ನಿವೃತ್ತರಾಗಿದ್ದರು. ದಿನವಿಡೀ ಆ ಎರಡು ಕೋಣೆಯಲ್ಲಿ ಏನು ಮಾಡುತ್ತಿದ್ದರೋ ನನಗೆ ತಿಳಿಯದು. ಮೆಟ್ಟಿಲು ಇಳಿಯುವಾಗ ಮೇಲೆ ಚಿಲಕ ಹಾಕಿದ ಸದ್ದು ಕೇಳಿತು. ಆ ಸದ್ದು ಬಹಳ ದಿನ ನನ್ನ ಜೊತೆಗಿತ್ತು.

ಎರಡು ವರ್ಷದ ಮೇಲೆ ಅವರ ಮನೆಯ ಮಾಲೀಕರ ಹೆಂಡತಿ, ಮುರಿದ ಮಗ್ಗದ ಕೋಲನ್ನು ದುರಸ್ತಿಗೆ ತಂದಾಗ, ಮಾತಿನ ನಡುವೆ ಅಂದರು: "ಮ್ಯಾಲಿನ ಅಕ್ಕೋರನ್ನ ಮಿರಜಿನ ದವಾಖಾನಿಗೆ ಸೇರಿಸ್ಯಾರ. ಗಂಟು ಆಗಿತ್ತಂತ, ಯಾರಿಗೂ ಹೇಳಿರಲಿಲ್ಲ." ಮರುದಿನವೇ ನಾನು, ನನ್ನ ಹೆಂಡತಿ ಬಸ್ಸು ಹತ್ತಿದೆವು.

ಜನರಲ್ ವಾರ್ಡಿನ ಕೊನೆಯ ಮಂಚ. ಅರ್ಧ ಆಳಾಗಿದ್ದರು. ಸೊಲ್ಲಾಪುರದಿಂದ ಬಂದ ಅವರ ಅಕ್ಕನ ಮಗನೊಬ್ಬ ಹೊರಗೆ ಫೋನಿನಲ್ಲಿದ್ದ. ನನ್ನ ಹೆಂಡತಿ ಅವರ ಕಾಲು ಒತ್ತುತ್ತ ಕುಳಿತಳು. ನಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತು ಆಡಿದೆ.

"ಅಕ್ಕೋರ, ಅವತ್ತ ನಾ ಒಲ್ಲೆ ಅನಬೇಕಾಗಿತ್ರಿ."

ಬಿಡಿ, ಅದೆಲ್ಲ ಯಾಕೆ ಈಗ ಎಂದು ಅವರು ಹೇಳುತ್ತಾರೆಂದು ಕಾದಿದ್ದೆ. ಅವರು ನನ್ನನ್ನೇ ನೋಡಿದರು.

"ಹೌದ್ರಿ," ಅಂದರು. "ಅನಬೇಕಾಗಿತ್ತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ನೀವು ಅಂದಿದ್ರೂ ಅವರು ತಗಸ್ತಿದ್ರು. ಆದ್ರೂ ಒಬ್ಬರು ಅನಬೇಕಾಗಿತ್ತು."

ನನ್ನ ಹೆಂಡತಿ ಒತ್ತುವುದನ್ನು ನಿಲ್ಲಿಸಿದ್ದಳು. ಆಮೇಲೆ ಅಕ್ಕೋರು, ಏನೂ ಆಗಿಲ್ಲವೆಂಬಂತೆ, "ಪೆನ್ನ ಐತೇನ್ರಿ?" ಅಂದರು. "ಬರಕೋರಿ. ನನಗ ಕೈ ನಿಲ್ಲವಲ್ದು."

ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಕಣ್ಣು ಮುಚ್ಚಿಕೊಂಡು ಅಳತೆ ಹೇಳಿದರು. ಒಂದೇ ಹಲಗೆ. ಎಡಬದಿ ಇಷ್ಟು, ಬಲಬದಿ ಇಷ್ಟು, ಮೇಲಿನ ಅಂಚು ನಡುವೆ ಒಂದು ದಾರದಷ್ಟು ಒಳಗೆ ಬಾಗಬೇಕು, ಗೋಡೆಯಿಂದ ಮೂರು ಬೆರಳು ದೂರ. ಸಾಗುವಾನಿ ಆಗಬೇಕು, ಪ್ಲೈವುಡ್ ಬೇಡ.

"ಬಣ್ಣಾ ಯಾವುದ್ರಿ?"

"ಅದನ್ನ ಆಮ್ಯಾಲ ನೋಡೂಣು. ಮೊದಲ ಹಲಗಿ ಆಗಲಿ."

ಹಲಗೆ ಆಗುವ ಮೊದಲೇ ಅವರು ಹೋದರು. ಸುದ್ದಿ ಬಂದಾಗ ಅಲ್ಲೇ ಮಿರಜಿನಲ್ಲೇ ಎಲ್ಲ ಮುಗಿದಿತ್ತು. ಅಕ್ಕನ ಮಗ ಮನೆ ಖಾಲಿ ಮಾಡಲು ಬಂದು, ಇಷ್ಟೊಂದು ಕಟ್ಟಿಗೆ ಏನು ಮಾಡಲಿ ಎಂದು ನನ್ನನ್ನು ಕೇಳಿದ. ಒಳ್ಳೆಯ ಹುಡುಗ, ಅವನಿಗೆ ತಿಳಿಯದು. ನಾನು ಹಲಗೆಗಳನ್ನೂ ಕ್ಯಾನ್ವಾಸುಗಳನ್ನೂ ತಂದು ಶೆಡ್ಡಿನ ಅಟ್ಟದ ಮೇಲೆ ಹಳೆಯ ಸೀರೆಗಳಲ್ಲಿ ಸುತ್ತಿ ಇಟ್ಟಿದ್ದೇನೆ. ಮಂಟಪದ ಗೋಡೆಗೆ ಈಗ ಎರಡು ನವಿಲು ಬಂದಿವೆ.

ಆ ಒಂದು ಹಲಗೆಯನ್ನು ಮಾಡಿದೆ. ನಾಲ್ಕು ದಿನ ಹಿಡಿಯಿತು. ದಾರದಷ್ಟು ಬಾಗು ತರಲು ಎರಡು ಸಲ ಕೆಡಿಸಿದೆ. ಅಂಗಡಿಯ ಪೂರ್ವದ ಬಾಗಿಲ ಎದುರಿನ ಇಟ್ಟಿಗೆ ಗೋಡೆಗೆ ಸುಣ್ಣ ಹಚ್ಚಿ, ಮೂರು ಬೆರಳು ದೂರಕ್ಕೆ ಕೂರಿಸಿದ್ದೇನೆ. ಬಣ್ಣದ ಡಬ್ಬಿಗಳನ್ನು ತಂದು ಮುಚ್ಚಳ ತೆಗೆದು, ಮತ್ತೆ ಮುಚ್ಚಿ ಇಟ್ಟಿದ್ದೂ ಆಗಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಬಿಸಿಲು ಹಾದು, ಬರೀ ಸಾಗುವಾನಿಯ ಬೆನ್ನಿನಿಂದಲೇ ಸುಣ್ಣದ ಮೇಲೆ ತುಸು ಕೆಂಪು ಇಳಿಯುತ್ತದೆ. ಕೆಲಸ ಶುರು ಮಾಡುವ ಮೊದಲು ಅದರ ಎದುರು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇಷ್ಟು ಸಾಕೋ, ಇನ್ನೂ ಏನಾದರೂ ಬೇಕೋ, ನನಗೆ ತಿಳಿಯುವುದಿಲ್ಲ. ಕೇಳೋಣವೆಂದರೆ ಈ ಊರಿನಲ್ಲಿ ಇನ್ನು ಯಾರೂ ಇಲ್ಲ.